ಎರಡು ವರ್ಷದ ಡಿಗ್ರಿ, ಹತ್ತು ವರ್ಷದ ಕಂತು

ವಾರಕ್ಕೆ 159 ಡಾಲರ್. ಅಮೆರಿಕದಲ್ಲಿ ಎರಡು ವರ್ಷದ ಅಸೋಸಿಯೇಟ್ ಡಿಗ್ರಿಗೆ ಸಿಗುವ ಹೆಚ್ಚುವರಿ ಬೆಲೆ ಸುಮಾರಾಗಿ ಇಷ್ಟು.

ಅಲ್ಲಿನ ಕಾರ್ಮಿಕ ಅಂಕಿಅಂಶ ಇಲಾಖೆ 2023ಕ್ಕೆ ಕೊಟ್ಟ ಲೆಕ್ಕ ಹೀಗಿದೆ: ಹೈಸ್ಕೂಲು ಮುಗಿಸಿ ಓದು ನಿಲ್ಲಿಸಿದವರ ವಾರದ ಸಂಬಳ 899 ಡಾಲರ್, ಅಸೋಸಿಯೇಟ್ ಡಿಗ್ರಿಯವರದು 1,058, ನಾಲ್ಕು ವರ್ಷದ ಬ್ಯಾಚುಲರ್ ಡಿಗ್ರಿಯವರದು 1,493. ಮೂರೂ ಮಧ್ಯಾಂಕಗಳು. ಅಂದರೆ, ಆ ಗುಂಪಿನವರನ್ನೆಲ್ಲ ಸಂಬಳದ ಪ್ರಕಾರ ಸಾಲಾಗಿ ನಿಲ್ಲಿಸಿದರೆ ನಟ್ಟನಡುವೆ ನಿಂತವರ ಸಂಬಳ. ಮೊದಲೆರಡರ ಅಂತರವನ್ನು 52 ವಾರಕ್ಕೆ ಗುಣಿಸಿದರೆ ವರ್ಷಕ್ಕೆ 8,268 ಡಾಲರ್. ಅದೂ ತೆರಿಗೆಗೆ ಮುಂಚೆ.

ಈ ಅಂಕಿಯನ್ನು ನೋಡಿ ಬಿಸಿನೆಸ್ ಓದಲು ಹೊರಟವರು ಒಂದು ವಿಷಯ ಗಮನಿಸಬೇಕು. ಅಸೋಸಿಯೇಟ್ ಡಿಗ್ರಿಯವರ ಸಾಲಿನಲ್ಲಿ ನರ್ಸುಗಳಿದ್ದಾರೆ, ಹಲ್ಲು ಶುಚಿ ಮಾಡುವ ಡೆಂಟಲ್ ಹೈಜಿನಿಸ್ಟ್‌ಗಳಿದ್ದಾರೆ. 2023ರಲ್ಲಿ ಹೈಜಿನಿಸ್ಟ್‌ಗಳ ವಾರ್ಷಿಕ ಮಧ್ಯಾಂಕ ಸಂಬಳ 87,530 ಡಾಲರ್. ಅದೇ ವರ್ಷ ಲೆಕ್ಕ ಬರೆಯುವ ಗುಮಾಸ್ತರ, ಅಂದರೆ ಬುಕ್‌ಕೀಪಿಂಗ್ ಮತ್ತು ಅಕೌಂಟಿಂಗ್ ಕ್ಲರ್ಕ್‌ಗಳ ಮಧ್ಯಾಂಕ 47,440. ಮಧ್ಯಾಂಕವನ್ನು ಮೇಲೆತ್ತುತ್ತಿರುವವರು ಆಸ್ಪತ್ರೆ, ಕ್ಲಿನಿಕ್ಕುಗಳ ಮಂದಿ. ಹೈಜಿನಿಸ್ಟ್‌ಗೆ ಲೈಸೆನ್ಸ್ ಬೇಕು, ಆ ಲೈಸೆನ್ಸಿಗೆ ಸಾಮಾನ್ಯವಾಗಿ ಆ ಡಿಗ್ರಿಯೇ ಬೇಕು. ಹಾಗಾಗಿ ಅವರ ಡಿಗ್ರಿಗೆ ಬಾಗಿಲಲ್ಲೇ ಬೆಲೆ ಇದೆ. ಬಿಸಿನೆಸ್ ಡಿಗ್ರಿಗೆ ಅಂಥ ಕಾವಲುಗಾರ ಯಾರೂ ಇಲ್ಲ. ಅಂಗಡಿಯ ಅಸಿಸ್ಟೆಂಟ್ ಮ್ಯಾನೇಜರ್ ಕೆಲಸಕ್ಕೆ ಡಿಗ್ರಿ ಇದ್ದವನೂ ಅರ್ಜಿ ಹಾಕುತ್ತಾನೆ, ಅಲ್ಲೇ ಐದು ವರ್ಷ ಕ್ಯಾಷ್ ಕೌಂಟರಿನಲ್ಲಿ ನಿಂತವಳೂ ಹಾಕುತ್ತಾಳೆ. ಸಾಲ ಎಷ್ಟು ಮಾಡಬಹುದು ಎಂಬ ಪ್ರಶ್ನೆಗೆ ಉತ್ತರ ಹುಡುಕಬೇಕಾದ್ದು ಇಲ್ಲಿಂದಲೇ.

ಅಮೆರಿಕದ ಕನ್ನಡ ಕೂಟಗಳ ಊಟದ ಸಾಲಿನಲ್ಲಿ "ಎಲ್ಲಿ ಸೇರಿದಾನ್ರೀ ಮಗ?" ಎಂದು ಕೇಳಿದರೆ ಕಮ್ಯುನಿಟಿ ಕಾಲೇಜಿಗೆ ಸೇರಿಸಿದ ಅಪ್ಪ ಅಮ್ಮ "ಇಲ್ಲೇ, ಮನೆ ಹತ್ರ" ಎಂದು ಮಾತು ತೇಲಿಸುತ್ತಾರೆ. ನಮ್ಮವರ ಮನಸ್ಸಿನಲ್ಲಿ ಅದು ಸೀಟು ಸಿಗದವರು ಹೋಗುವ ಜಾಗ. ಇನ್ನೊಂದು ಕಡೆ, ಹೆದ್ದಾರಿ ಬದಿಯ ಜಾಹೀರಾತು ಫಲಕಗಳು "ಎರಡೇ ವರ್ಷದಲ್ಲಿ ಮ್ಯಾನೇಜರ್" ಎಂಬ ಧಾಟಿಯಲ್ಲಿ ಕರೆಯುತ್ತವೆ. ನನ್ನ ಅನಿಸಿಕೆ ಕೇಳಿದರೆ ಮೊದಲನೆಯದು ಬರೀ ಜಂಬ, ಎರಡನೆಯದು ಬರೀ ವ್ಯಾಪಾರ. ಈ ಡಿಗ್ರಿ ಕಡಿಮೆ ಬೆಲೆಗೆ ಸಿಕ್ಕರೆ ಒಳ್ಳೆಯ ಸರಕು, ದುಬಾರಿ ಬೆಲೆಗೆ ಕೊಂಡರೆ ನಷ್ಟದ ಸರಕು. ಸಂಬಳದ ಹೆಚ್ಚಳ ಚಿಕ್ಕದಾಗಿರುವುದರಿಂದ ಸಾಲವೂ ಚಿಕ್ಕದಾಗಿಯೇ ಇರಬೇಕು.

ಏನಿದು ಡಿಗ್ರಿ, ಎಷ್ಟು ಖರ್ಚು

ಅಮೆರಿಕದ ಅತಿ ಹಳೆಯ ಸರ್ಕಾರಿ ಕಮ್ಯುನಿಟಿ ಕಾಲೇಜು ಇಲಿನಾಯ್ ರಾಜ್ಯದ ಜೋಲಿಯೆಟ್ ಜೂನಿಯರ್ ಕಾಲೇಜು, ಶುರುವಾದದ್ದು 1901ರಲ್ಲಿ. ವಿಶ್ವವಿದ್ಯಾಲಯದ ಮೊದಲೆರಡು ವರ್ಷದ ಪಾಠವನ್ನು ಊರಿನಲ್ಲೇ, ಕಡಿಮೆ ಖರ್ಚಿನಲ್ಲಿ ಕೊಡುವುದು ಅದರ ಉದ್ದೇಶ. ಅಸೋಸಿಯೇಟ್ ಡಿಗ್ರಿಗೆ ಸಾಮಾನ್ಯವಾಗಿ 60 ಕ್ರೆಡಿಟ್. ಬ್ಯಾಚುಲರ್ ಡಿಗ್ರಿಯ ಅರ್ಧ. ನಮ್ಮ ಪಿಯುಸಿಗೆ ಇದನ್ನು ಹೋಲಿಸುವವರಿದ್ದಾರೆ. ಎರಡು ವರ್ಷ ಎಂಬುದೊಂದು ಬಿಟ್ಟರೆ ಹೋಲಿಕೆ ಸರಿಯಲ್ಲ. ಪಿಯುಸಿ ಹೈಸ್ಕೂಲಿನ ತುದಿ, ಇದು ಕಾಲೇಜಿನ ಬುಡ.

ಬಿಸಿನೆಸ್ ಅಸೋಸಿಯೇಟ್‌ನಲ್ಲಿ ಎರಡು ಬಗೆ. ಹೆಸರಿನಲ್ಲಿ ಒಂದೇ ಅಕ್ಷರದ ವ್ಯತ್ಯಾಸ, ದಾರಿಯಲ್ಲಿ ಬಹಳ. ಎಎಸ್ ಅಥವಾ ಎಎ ಎಂದಿದ್ದರೆ ಮುಂದೆ ನಾಲ್ಕು ವರ್ಷದ ಕಾಲೇಜಿನ ಮೂರನೇ ವರ್ಷಕ್ಕೆ ಹೋಗುವಂತೆ ಹೊಲಿದದ್ದು: ಕ್ಯಾಲ್ಕುಲಸ್, ಸಂಖ್ಯಾಶಾಸ್ತ್ರ, ಅರ್ಥಶಾಸ್ತ್ರ, ಅಕೌಂಟಿಂಗ್. ಎಎಎಸ್ ಎಂದಿದ್ದರೆ ನೇರವಾಗಿ ಕೆಲಸಕ್ಕೆ ಹೊಲಿದದ್ದು: ಪೇರೋಲ್, ಆಫೀಸ್ ಸಾಫ್ಟ್‌ವೇರ್, ಸೂಪರ್‌ವೈಸರ್ ಕೆಲಸದ ತರಬೇತಿ. ಎಎಎಸ್ ಮುಗಿಸಿ ಆಮೇಲೆ "ಬ್ಯಾಚುಲರ್ ಮಾಡ್ತೀನಿ" ಎಂದರೆ ಹಲವು ಕ್ರೆಡಿಟ್‌ಗಳನ್ನು ವಿಶ್ವವಿದ್ಯಾಲಯ ಒಪ್ಪದೆ ಹೋಗಬಹುದು. ಸೇರುವ ದಿನವೇ ಯಾವುದು ಎಂದು ಕೇಳಿ ತಿಳಿಯಬೇಕು.

ಶುಲ್ಕಕ್ಕೆ ಬರೋಣ. ಕಾಲೇಜ್ ಬೋರ್ಡ್ ಸಂಸ್ಥೆಯ ಲೆಕ್ಕದಲ್ಲಿ 2024-25ರಲ್ಲಿ ಸರ್ಕಾರಿ ಕಮ್ಯುನಿಟಿ ಕಾಲೇಜಿನ ಸರಾಸರಿ ವಾರ್ಷಿಕ ಶುಲ್ಕ, ಆ ಜಿಲ್ಲೆಯಲ್ಲೇ ವಾಸ ಇರುವವರಿಗೆ, 4,050 ಡಾಲರ್. ಸರ್ಕಾರಿ ವಿಶ್ವವಿದ್ಯಾಲಯದಲ್ಲಿ ರಾಜ್ಯದ ನಿವಾಸಿಗಳಿಗೆ 11,610. ಕ್ಯಾಲಿಫೋರ್ನಿಯಾ ಇನ್ನೂ ಅಗ್ಗ: ನಿವಾಸಿಗಳಿಗೆ ಒಂದು ಯೂನಿಟ್‌ಗೆ 46 ಡಾಲರ್. 60 ಯೂನಿಟ್‌ಗೆ, ಅಂದರೆ ಇಡೀ ಡಿಗ್ರಿಗೆ, 2,760. ಸಣ್ಣಪುಟ್ಟ ಶುಲ್ಕ, ಪುಸ್ತಕ, ಪಾರ್ಕಿಂಗ್ ಪಾಸು ಬೇರೆ.

ಬಡ ಕುಟುಂಬದ ಮಕ್ಕಳಿಗೆ ಕೇಂದ್ರ ಸರ್ಕಾರದ ಪೆಲ್ ಗ್ರಾಂಟ್ ಇದೆ. 2024-25ಕ್ಕೆ ಗರಿಷ್ಠ 7,395 ಡಾಲರ್, ತೀರಿಸಬೇಕಾಗಿಲ್ಲ. ಮೇಲಿನ 4,050ರ ಪಕ್ಕದಲ್ಲಿ ಇದನ್ನು ಇಟ್ಟು ನೋಡಿ: ಪೂರ್ತಿ ಪೆಲ್ ಸಿಕ್ಕವರಿಗೆ ಶುಲ್ಕ ಕಳೆದು ಪುಸ್ತಕಕ್ಕೂ ಬಸ್ಸಿಗೂ ಹಣ ಉಳಿಯುತ್ತದೆ. ಟೆನೆಸಿ ರಾಜ್ಯ 2015ರಲ್ಲಿ ಹೈಸ್ಕೂಲು ಮುಗಿಸಿದವರಿಂದ ಮೊದಲ್ಗೊಂಡು ಕಮ್ಯುನಿಟಿ ಕಾಲೇಜಿನ ಶುಲ್ಕವನ್ನೇ ತುಂಬಿಕೊಡುತ್ತಿದೆ. ಬೇರೆ ಕೆಲವು ರಾಜ್ಯಗಳಲ್ಲೂ ಇಂಥ ಯೋಜನೆಗಳಿವೆ. ಮಧ್ಯಮ ವರ್ಗದವರಿಗೆ ಆದಾಯ ತೆರಿಗೆಯಲ್ಲಿ ವರ್ಷಕ್ಕೆ 2,500 ಡಾಲರ್ ತನಕ ಶಿಕ್ಷಣದ ರಿಯಾಯಿತಿ ಸಿಗುತ್ತದೆ. ಗಂಡ ಹೆಂಡತಿ ಸೇರಿ 1,60,000 ಡಾಲರ್ ದಾಟಿದರೆ ಅದು ಕರಗಲು ಶುರುವಾಗಿ 1,80,000ಕ್ಕೆ ಸೊನ್ನೆ. ಇಬ್ಬರೂ ಸಾಫ್ಟ್‌ವೇರಿನಲ್ಲಿರುವ ನಮ್ಮ ಬಹುಪಾಲು ಮನೆಗಳಿಗೆ ಅದರ ಆಸೆ ಬೇಡ.

ಹೀಗಿರುವಾಗ ಸಾಲ ಯಾಕೆ ಬೇಕಾಗುತ್ತದೆ? ಶುಲ್ಕಕ್ಕಲ್ಲ, ಬದುಕಿಗೆ. ಬಾಡಿಗೆ, ಕಾರು, ಕಾರಿನ ವಿಮೆ, ಊಟ. ಅಮ್ಮನ ಅಡುಗೆ ಉಂಡು ಮನೆಯಿಂದ ಓಡಾಡುವ ಹುಡುಗನಿಗೂ ಬಾಡಿಗೆ ಕೋಣೆಯ ಹುಡುಗನಿಗೂ ಶುಲ್ಕ ಒಂದೇ. ಸಾಲ ಒಂದೇ ಅಲ್ಲ.

ಸಾಲದ ಒಳಗುಟ್ಟು

ಕೇಂದ್ರ ಸರ್ಕಾರದ ವಿದ್ಯಾರ್ಥಿ ಸಾಲಕ್ಕೆ ಫಾಫ್ಸಾ ಎಂಬ ಅರ್ಜಿ ತುಂಬಬೇಕು. ತಂದೆತಾಯಿಯ ಆಶ್ರಯದಲ್ಲಿರುವ ವಿದ್ಯಾರ್ಥಿಗೆ ಮೊದಲ ವರ್ಷ ಗರಿಷ್ಠ 5,500 ಡಾಲರ್, ಎರಡನೇ ವರ್ಷ 6,500. ಎರಡು ವರ್ಷಕ್ಕೆ ಒಟ್ಟು 12,000. ಇದರಲ್ಲಿ ಒಂದು ಭಾಗ ಸಬ್ಸಿಡಿ ಸಾಲ, ಓದುವಾಗ ಬಡ್ಡಿ ಸರ್ಕಾರದ್ದು. ಉಳಿದದ್ದಕ್ಕೆ ಹಣ ಕೈಗೆ ಬಂದ ದಿನದಿಂದಲೇ ಬಡ್ಡಿ ಓಡುತ್ತಿರುತ್ತದೆ. "ಓದು ಮುಗಿದ ಮೇಲೆ ಕಟ್ಟಿದರಾಯಿತು" ಎಂಬ ಮಾತು ಕಂತಿಗೆ ನಿಜ, ಬಡ್ಡಿಗಲ್ಲ. ಕಾಲೇಜು ಬಿಟ್ಟು ಆರು ತಿಂಗಳಿಗೆ ಕಂತು ಶುರು. 2024-25ರಲ್ಲಿ ಪಡೆದ ಸಾಲಕ್ಕೆ ಬಡ್ಡಿ 6.53%, ಕೊನೆಯ ತನಕ ಬದಲಾಗದು.

12,000ವನ್ನೂ ತೆಗೆದುಕೊಂಡರೆ ಹತ್ತು ವರ್ಷದ ಲೆಕ್ಕದಲ್ಲಿ ತಿಂಗಳ ಕಂತು ಸುಮಾರು 136 ಡಾಲರ್. 4,000 ಮಾತ್ರ ತೆಗೆದುಕೊಂಡರೆ ಸುಮಾರು 45 ಬರಬೇಕು. ಆದರೆ ಕನಿಷ್ಠ ಕಂತು 50 ಎಂಬ ನಿಯಮವಿರುವುದರಿಂದ ಐವತ್ತು ಕಟ್ಟಿ ಸ್ವಲ್ಪ ಬೇಗ ಮುಗಿಸುತ್ತೀರಿ.

ಇಲ್ಲಿಯವರೆಗೆ ಭಯಪಡುವಂಥದ್ದು ಏನೂ ಇಲ್ಲ. ಭಯ ಶುರುವಾಗುವುದು ಇದರಾಚೆ, ಶುಲ್ಕವೇ ದುಬಾರಿಯಾಗಿ 12,000 ಸಾಲದೆ ಹೋದಾಗ. ಆಗ ಕಾಲೇಜಿನ ಹಣಕಾಸು ಕಚೇರಿಯವರು ಎರಡು ಬಾಗಿಲು ತೋರಿಸುತ್ತಾರೆ: ಅಪ್ಪ ಅಮ್ಮನ ಹೆಸರಿನಲ್ಲಿ ಪೇರೆಂಟ್ ಪ್ಲಸ್ ಸಾಲ, ಇಲ್ಲವೇ ಖಾಸಗಿ ಸಾಲ. ಪೇರೆಂಟ್ ಪ್ಲಸ್‌ನ ಬಡ್ಡಿ 2024-25ರಲ್ಲಿ 9.08%, ಜೊತೆಗೆ ಸಾಲ ಕೊಡುವಾಗಲೇ 4%ಗಿಂತ ಹೆಚ್ಚು ಶುಲ್ಕ ಹಿಡಿದುಕೊಳ್ಳುತ್ತಾರೆ.

ಒಂದು ಉದಾಹರಣೆ ಕಟ್ಟೋಣ. ಲಾಭಕ್ಕಾಗಿ ನಡೆಸುವ ಖಾಸಗಿ ಕಾಲೇಜೊಂದರಲ್ಲಿ ಎರಡು ವರ್ಷದ ಬಿಸಿನೆಸ್ ಡಿಗ್ರಿಗೆ 30,000 ಡಾಲರ್ ಸಾಲ ಆಯಿತೆನ್ನಿ. 12,000 ಮಗಳ ಹೆಸರಿನಲ್ಲಿ, 18,000 ಅಪ್ಪನ ಹೆಸರಿನಲ್ಲಿ. ಮಗಳ ಕಂತು 136, ಅಪ್ಪನದು 229, ಒಟ್ಟು ತಿಂಗಳಿಗೆ 365. ವರ್ಷಕ್ಕೆ ಸುಮಾರು 4,380. ಆರಂಭದ ಅಂಕಿ ನೆನಪಿದೆಯಲ್ಲ, ಡಿಗ್ರಿ ತರುವ ಹೆಚ್ಚುವರಿ 8,268? ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಸಾಲದ ಬಾಯಿಗೆ, ಹತ್ತು ವರ್ಷ. ತೆರಿಗೆ ಕಳೆದರೆ ಉಳಿಯುವುದು ಪುಡಿಗಾಸು. ಅದೇ ಡಿಗ್ರಿಯನ್ನು ಕಮ್ಯುನಿಟಿ ಕಾಲೇಜಿನಲ್ಲಿ 4,000 ಸಾಲಕ್ಕೆ ಮುಗಿಸಿದವಳು ವರ್ಷಕ್ಕೆ 600 ಕಟ್ಟಿ ಮಿಕ್ಕದ್ದನ್ನು ತಾನೇ ಇಟ್ಟುಕೊಳ್ಳುತ್ತಾಳೆ.

ಎಷ್ಟು ಸಾಲ ಸೈ ಎನ್ನಲು ಒಂದು ಅಳತೆಗೋಲಿದೆ. ಕಸುಬು ಕಲಿಸುವ ಕೋರ್ಸುಗಳ ಮೇಲೆ ಅಮೆರಿಕದ ಶಿಕ್ಷಣ ಇಲಾಖೆ 2014ರಲ್ಲಿ ಒಂದು ನಿಯಮ ತಂದಿತು, 2019ರಲ್ಲಿ ಅದನ್ನು ತೆಗೆದುಹಾಕಿತು, 2023ರಲ್ಲಿ ಮತ್ತೆ ತಂದಿತು. ರಾಜಕೀಯದ ಉಯ್ಯಾಲೆ. ಅದರೊಳಗಿನ ಒಂದು ಅಂಕಿ ಮಾತ್ರ ಮನೆಯ ಲೆಕ್ಕಕ್ಕೆ ಬಹಳ ಉಪಯೋಗದ್ದು: ವರ್ಷದ ಸಾಲದ ಕಂತು ವರ್ಷದ ದುಡಿಮೆಯ 8% ಮೀರಬಾರದು. ಮೇಲಿನ 30,000 ಸಾಲಕ್ಕೆ ಇದನ್ನು ಹಿಡಿದರೆ ಸುಮಾರು 54,800 ಡಾಲರ್ ಸಂಬಳ ಬೇಕು. ಬುಕ್‌ಕೀಪಿಂಗ್ ಗುಮಾಸ್ತರ ಮಧ್ಯಾಂಕ 47,440 ಎಂದೆವು. ಅದು ಇಪ್ಪತ್ತು ವರ್ಷದ ಅನುಭವಿಗಳನ್ನೂ ಸೇರಿಸಿದ್ದು, ಮೊದಲ ವರ್ಷದ ಹುಡುಗಿಗೆ ಅಷ್ಟೂ ಸಿಗದು. ಅದೇ 8%ರ ಪ್ರಕಾರ 35,000 ಸಂಬಳದ ನಿರೀಕ್ಷೆ ಇದ್ದವರು ಎಷ್ಟು ಸಾಲ ಹೊರಬಹುದು? 6.53% ಬಡ್ಡಿಯಲ್ಲಿ ಸುಮಾರು 20,000. ಅದು ಮೇಲ್ಮಿತಿ. ಬಿಸಿನೆಸ್ ಅಸೋಸಿಯೇಟ್‌ಗೆ ನಾನಾದರೆ ಅದರ ಅರ್ಧಕ್ಕೇ ಗೆರೆ ಎಳೆಯುತ್ತೇನೆ. ಯಾಕೆಂದರೆ ಗುಮಾಸ್ತರ ಕೆಲಸವನ್ನು ಸಾಫ್ಟ್‌ವೇರ್ ತಿನ್ನುತ್ತಿದೆ. ಬರುವ ದಶಕದಲ್ಲಿ ಆ ಹುದ್ದೆಗಳ ಸಂಖ್ಯೆ ಇಳಿಯುತ್ತದೆ ಎಂದು ಕಾರ್ಮಿಕ ಅಂಕಿಅಂಶ ಇಲಾಖೆಯೇ ಅಂದಾಜು ಮಾಡಿದೆ.

ನಿಯಮಗಳೂ ಬದಲಾಗುತ್ತಿವೆ. 2025ರ ಜುಲೈ 4ರಂದು ಸಹಿಯಾದ ಕಾನೂನಿನ ಪ್ರಕಾರ 2026ರ ಜುಲೈ 1ರಿಂದ ಹೊಸದಾಗಿ ಪೇರೆಂಟ್ ಪ್ಲಸ್ ಪಡೆಯುವವರಿಗೆ ಒಂದು ಮಗುವಿಗೆ ವರ್ಷಕ್ಕೆ 20,000, ಒಟ್ಟಾರೆ 65,000 ಡಾಲರ್ ಮಿತಿ. ಅಸೋಸಿಯೇಟ್, ಬ್ಯಾಚುಲರ್ ಡಿಗ್ರಿಯ ಕೋರ್ಸೊಂದರ ಪದವೀಧರರ ದುಡಿಮೆ ಬರೀ ಹೈಸ್ಕೂಲು ಓದಿದವರ ದುಡಿಮೆಗಿಂತ ಕೆಳಗೆ, ಮೂರರಲ್ಲಿ ಎರಡು ವರ್ಷ, ಕಂಡುಬಂದರೆ ಆ ಕೋರ್ಸಿಗೆ ಸರ್ಕಾರದ ಸಾಲ ನಿಲ್ಲುತ್ತದೆ.

ಲಾಭದ ಕಾಲೇಜುಗಳ ಬಗ್ಗೆ ಇಷ್ಟು ಕಟುವಾಗಿ ಹೇಳಲು ಕಾರಣವಿದೆ. ಕೊರಿಂಥಿಯನ್ ಕಾಲೇಜಸ್ ಎಂಬ ದೊಡ್ಡ ಸರಪಳಿ 2015ರಲ್ಲಿ ಬಾಗಿಲು ಹಾಕಿತು, ಮರುವರ್ಷ ಐಟಿಟಿ ಟೆಕ್. ಕೊರಿಂಥಿಯನ್‌ನಲ್ಲಿ ಓದಿದ 5 ಲಕ್ಷ 60 ಸಾವಿರ ಮಂದಿಯ 580 ಕೋಟಿ ಡಾಲರ್ ಸಾಲವನ್ನು ಸರ್ಕಾರ 2022ರಲ್ಲಿ ಮನ್ನಾ ಮಾಡಬೇಕಾಯಿತು. ಮನ್ನಾ ಆಗುವವರೆಗಿನ ಏಳು ವರ್ಷ ಆ ಜನ ಸಾಲದ ಹೊರೆ ಹೊತ್ತೇ ಮನೆ ಬಾಡಿಗೆಗೆ, ಕಾರಿಗೆ, ಕೆಲಸಕ್ಕೆ ಅಲೆದರು. ಅಂಥ ಎಲ್ಲ ಕಾಲೇಜುಗಳೂ ಮೋಸದವು ಎಂದು ಹೇಳಲಾರೆ. ಆದರೆ ಪಕ್ಕದ ರಸ್ತೆಯಲ್ಲಿ ಅದೇ ಪಾಠ ತೀರಾ ಕಡಿಮೆ ಬೆಲೆಗೆ ಇರುವಾಗ, ದುಬಾರಿ ಅಂಗಡಿಗೆ ಯಾಕೆ ಹೋಗಬೇಕು ಎಂದು ಅವರೇ ನಮ್ಮನ್ನು ಒಪ್ಪಿಸಬೇಕು.

ಸಾಲದ ಗಲಾಟೆಯಲ್ಲಿ ಮರೆಯುವ ಇನ್ನೊಂದು ಖರ್ಚಿದೆ: ಓದುವಾಗ ದುಡಿಯದೆ ಬಿಟ್ಟ ಸಂಬಳ. ಹೈಸ್ಕೂಲು ಮುಗಿಸಿದ ಹುಡುಗ ಉಗ್ರಾಣದಲ್ಲೋ ಅಂಗಡಿಯಲ್ಲೋ ವರ್ಷಕ್ಕೆ 25,000 ದುಡಿಯಬಹುದಿತ್ತು ಎಂದುಕೊಳ್ಳಿ. ಎರಡು ವರ್ಷ ಪೂರ್ಣಾವಧಿ ಓದಿದರೆ 50,000 ಹೋಯಿತು. ವರ್ಷಕ್ಕೆ 8,268ರಂತೆ ಅದನ್ನು ತುಂಬಿಕೊಳ್ಳಲು ಆರು ವರ್ಷ. ಶುಲ್ಕ ಸೊನ್ನೆಯಾದರೂ ಈ ಆರು ವರ್ಷ ಇದ್ದೇ ಇದೆ. ಕೆಲಸ ಮಾಡುತ್ತ ಸಂಜೆ ತರಗತಿಗೆ ಹೋಗುವವರ ಲೆಕ್ಕ ಬೇರೆಯೇ ಆಗುವುದು ಇದರಿಂದ. ಅವರ ಡಿಗ್ರಿಗೆ ನಾಲ್ಕು ವರ್ಷ ಹಿಡಿದೀತು, ಆದರೆ ಸಂಬಳ ನಿಲ್ಲುವುದಿಲ್ಲ, ಎಷ್ಟೋ ಕಂಪನಿಗಳು ಶುಲ್ಕವನ್ನೂ ಕೊಡುತ್ತವೆ. ಬಿಸಿನೆಸ್ ಓದುವವರಿಗೆ ಇದು ಇನ್ನಷ್ಟು ಒಪ್ಪುತ್ತದೆ. ಹಗಲು ಅಂಗಡಿಯಲ್ಲಿ ಕಂಡ ದಾಸ್ತಾನು, ಸಂಜೆ ಪುಸ್ತಕದಲ್ಲಿ ಬರುವ ದಾಸ್ತಾನು ಎರಡೂ ಒಂದೇ ತಾನೆ.

ಸ್ಕೋರ್‌ಕಾರ್ಡ್ ಓದುವ ಬಗೆ

ದೇಶದ ಸರಾಸರಿ ಇಟ್ಟುಕೊಂಡು ನಿಮ್ಮ ಮಗನ ಭವಿಷ್ಯ ಹೇಳಲಾಗದು. ಶಿಕ್ಷಣ ಇಲಾಖೆ ನಡೆಸುತ್ತಿರುವ ಕಾಲೇಜ್ ಸ್ಕೋರ್‌ಕಾರ್ಡ್ ಎಂಬ ಉಚಿತ ತಾಣದಲ್ಲಿ ಒಂದೊಂದು ಕಾಲೇಜಿನ ಒಂದೊಂದು ವಿಷಯಕ್ಕೂ ಎಷ್ಟು ಸಾಲ, ಎಷ್ಟು ದುಡಿಮೆ ಎಂದು ಸಿಗುತ್ತದೆ. ಕಾಲೇಜಿನ ಹೆಸರು ಹಾಕಿ, ಅಧ್ಯಯನ ವಿಷಯಗಳ ಪಟ್ಟಿಗೆ ಹೋಗಿ, ಬಿಸಿನೆಸ್ ಅಡ್ಮಿನಿಸ್ಟ್ರೇಷನ್ ಮುಂದೆ ಅಸೋಸಿಯೇಟ್ ಎಂದಿರುವುದನ್ನೇ ನೋಡಿ. ಬ್ಯಾಚುಲರ್‌ನದನ್ನು ನೋಡಿ ಸಂತೋಷಪಟ್ಟವರೂ ಇದ್ದಾರೆ. ಅಕೌಂಟಿಂಗ್ ಪ್ರತ್ಯೇಕ ಸಾಲಿನಲ್ಲಿರುತ್ತದೆ. ಅದನ್ನೂ ಪಕ್ಕದಲ್ಲಿ ಇಟ್ಟು ನೋಡುವುದು ಒಳ್ಳೆಯದು. "ಜನರಲ್ ಬಿಸಿನೆಸ್"ಗಿಂತ ಒಂದು ಕೈಕೆಲಸ ಕಲಿಸಿದ ಡಿಗ್ರಿಯನ್ನು ಕೆಲಸ ಕೊಡುವವರು ಬೇಗ ಅರ್ಥ ಮಾಡಿಕೊಳ್ಳುತ್ತಾರೆ.

ಅಲ್ಲಿನ ಸಾಲದ ಅಂಕಿ ಸಾಲ ಮಾಡಿದವರದ್ದು ಮಾತ್ರ. ಕಮ್ಯುನಿಟಿ ಕಾಲೇಜಿನಲ್ಲಿ ಹೆಚ್ಚಿನವರು ಸಾಲವನ್ನೇ ಮಾಡುವುದಿಲ್ಲ. ಅವರು ಆ ಅಂಕಿಯಲ್ಲಿಲ್ಲ. ಹಾಗಾಗಿ "ಮಧ್ಯಾಂಕ ಸಾಲ 9,000" ಎಂದು ಕಂಡರೆ ಅಲ್ಲಿ ಓದಲು ಅಷ್ಟು ಸಾಲ ಬೇಕೇಬೇಕು ಎಂದರ್ಥವಲ್ಲ. ಖಾಸಗಿ ಸಾಲ ಅದರಲ್ಲಿ ಸೇರಿಲ್ಲ, ಅಪ್ಪ ಅಮ್ಮನ ಸಾಲವನ್ನು ಬೇರೆಯಾಗಿ ತೋರಿಸುತ್ತಾರೆ. ದುಡಿಮೆಯ ಅಂಕಿಯೂ ಕೇಂದ್ರದ ನೆರವು ಪಡೆದವರದ್ದು ಮಾತ್ರ. ವಿದ್ಯಾರ್ಥಿಗಳು ತೀರಾ ಕಡಿಮೆ ಇದ್ದರೆ ಜಾಗ ಖಾಲಿ ಬಿಟ್ಟಿರುತ್ತಾರೆ. ಖಾಲಿ ಕಂಡರೆ ಕಾಲೇಜಿಗೇ ಫೋನು ಮಾಡಿ, ಕಳೆದ ವರ್ಷ ಈ ಡಿಗ್ರಿ ಮುಗಿಸಿದವರು ಎಷ್ಟು ಮಂದಿ, ಈಗ ಎಲ್ಲಿದ್ದಾರೆ ಎಂದು ಕೇಳಿ. ಉತ್ತರ ಕೊಡುವಾಗ ತಡವರಿಸಿದರೆ ಅದೂ ಒಂದು ಉತ್ತರವೇ.

ಮುಂದಕ್ಕೆ ಹೋಗುವವರು, ನಡುವೆ ನಿಲ್ಲುವವರು

ಬಿಸಿನೆಸ್ ಅಸೋಸಿಯೇಟ್‌ನ ನಿಜವಾದ ಲಾಭ ಇರುವುದು ಅದನ್ನು ಮೆಟ್ಟಿಲಾಗಿ ಬಳಸಿದಾಗ. ವಾರಕ್ಕೆ 1,058ರಿಂದ 1,493ಕ್ಕೆ ಏರುವ ಜಿಗಿತ ಮೊದಲ ಜಿಗಿತದ ಎರಡೂವರೆ ಪಟ್ಟಿಗಿಂತ ಹೆಚ್ಚು. ಮೊದಲ ಎರಡು ವರ್ಷ ಅಗ್ಗದಲ್ಲಿ ಮುಗಿಸಿ ಮೂರನೇ ವರ್ಷಕ್ಕೆ ರಾಜ್ಯ ವಿಶ್ವವಿದ್ಯಾಲಯಕ್ಕೆ ಹೋದರೆ ಕೊನೆಗೆ ಕೈಗೆ ಬರುವುದು ಅದೇ ವಿಶ್ವವಿದ್ಯಾಲಯದ ಬ್ಯಾಚುಲರ್ ಪದವಿ. ಮೊದಲೆರಡು ವರ್ಷ ಎಲ್ಲಿ ಓದಿದೆ ಎಂದು ಪ್ರಮಾಣಪತ್ರದಲ್ಲಿ ಯಾರೂ ಬರೆಯುವುದಿಲ್ಲ. ಕನ್ನಡ ಕೂಟದ ಊಟದ ಸಾಲಿನವರಿಗೆ ಇದನ್ನು ಹೇಳಬಹುದು.

ಆದರೆ ಸೇತುವೆ ಎಲ್ಲ ಕಡೆ ಗಟ್ಟಿಯಾಗಿಲ್ಲ. ಕಮ್ಯುನಿಟಿ ಕಾಲೇಜಿಗೆ ಸೇರುವವರಲ್ಲಿ ಸುಮಾರು 80% ಮಂದಿ ಬ್ಯಾಚುಲರ್ ಮಾಡುವ ಆಸೆಯಿಂದ ಬರುತ್ತಾರೆ. ಆರು ವರ್ಷದಲ್ಲಿ ಮಾಡಿ ಮುಗಿಸುವವರು ಸುಮಾರು 16%. ಒಂದು ಕಾರಣ ಕ್ರೆಡಿಟ್ ಸೋರಿಕೆ. ಅಮೆರಿಕ ಸಂಸತ್ತಿನ ಲೆಕ್ಕಪರಿಶೋಧನಾ ಸಂಸ್ಥೆಯ 2017ರ ವರದಿಯ ಅಂದಾಜಿನಂತೆ ಕಾಲೇಜು ಬದಲಿಸುವ ವಿದ್ಯಾರ್ಥಿಗಳು ಸರಾಸರಿ 43% ಕ್ರೆಡಿಟ್ ಕಳೆದುಕೊಳ್ಳುತ್ತಾರೆ. ಲಾಭದ ಕಾಲೇಜಿನಿಂದ ಸರ್ಕಾರಿ ಕಾಲೇಜಿಗೆ ಹೋದವರು ಕಳೆದುಕೊಂಡದ್ದು 94%. ಅಂದರೆ ಹಣ ಕೊಟ್ಟು ಕಲಿತದ್ದನ್ನು ಮತ್ತೆ ಹಣ ಕೊಟ್ಟು ಕಲಿಯಬೇಕು. ಕ್ಯಾಲಿಫೋರ್ನಿಯಾದಲ್ಲಿ 2010ರ ಕಾನೂನಿನಿಂದ ಬಂದ ಟ್ರಾನ್ಸ್‌ಫರ್ ಅಸೋಸಿಯೇಟ್ ಡಿಗ್ರಿ ಈ ತೂತು ಮುಚ್ಚಲು ಮಾಡಿದ್ದು. ಅದನ್ನು ಮುಗಿಸಿದವರಿಗೆ ಕ್ಯಾಲಿಫೋರ್ನಿಯಾ ಸ್ಟೇಟ್ ಯೂನಿವರ್ಸಿಟಿಯ ಯಾವುದಾದರೊಂದು ಕ್ಯಾಂಪಸ್ಸಿನಲ್ಲಿ ಸೀಟು ಖಾತ್ರಿ, ಉಳಿದ 60 ಯೂನಿಟ್ ಅಲ್ಲಿ ಮುಗಿಸಬಹುದು. ಬೇಕಾದ ಕ್ಯಾಂಪಸ್ಸೇ ಸಿಗುತ್ತದೆ ಎಂದಲ್ಲ. ನಿಮ್ಮ ರಾಜ್ಯದಲ್ಲಿ ಇಂಥ ಒಪ್ಪಂದ ಇದೆಯೇ ಎಂದು ಮೊದಲ ಸೆಮಿಸ್ಟರಿಗೆ ಮುಂಚೆ ನೋಡಬೇಕು. ಮೂರನೇ ಸೆಮಿಸ್ಟರಿನಲ್ಲಿ ನೋಡುವವರೇ ಜಾಸ್ತಿ.

ಎಲ್ಲಕ್ಕಿಂತ ಕೆಟ್ಟ ವ್ಯಾಪಾರ ಯಾವುದು ಗೊತ್ತೇ? ಸಾಲ ಮಾಡಿ ಡಿಗ್ರಿ ಮುಗಿಸದೆ ಬಿಡುವುದು. ಅಮೆರಿಕದಲ್ಲಿ ವಿದ್ಯಾರ್ಥಿ ಸಾಲ ಕಟ್ಟಲಾಗದೆ ಕೈಚೆಲ್ಲುವವರು ಲಕ್ಷ ಡಾಲರ್ ಸಾಲದ ವೈದ್ಯರಲ್ಲ. ಐದು ಸಾವಿರಕ್ಕಿಂತ ಕಡಿಮೆ ಸಾಲ ಇರುವವರಲ್ಲೇ ಅದು ಹೆಚ್ಚು. ಒಂದು ವರ್ಷ ಓದಿ, ಕಾರು ಕೆಟ್ಟು, ಕೆಲಸದ ಪಾಳಿ ಬದಲಾಗಿ, ಬಿಟ್ಟವರು ಅವರು. ಅವರ ಕೈಯಲ್ಲಿ ಸಾಲ ಇದೆ, ಡಿಗ್ರಿ ಇಲ್ಲ. ಆದ್ದರಿಂದ ಸಾಲದ ಮೊತ್ತಕ್ಕಿಂತ ಮೊದಲು ಕೇಳಬೇಕಾದ್ದು ಈ ಕಾಲೇಜಿನಲ್ಲಿ ಸೇರಿದ ನೂರರಲ್ಲಿ ಎಷ್ಟು ಜನ ಮುಗಿಸುತ್ತಾರೆ ಎಂದು. ಅದೂ ಸ್ಕೋರ್‌ಕಾರ್ಡಿನ ಮೊದಲ ಪುಟದಲ್ಲೇ ಇದೆ.

ವೀಸಾ ನೋಡಿ ಲೆಕ್ಕ ಮಾಡಿ

ಅಮೆರಿಕದ ಕನ್ನಡ ಮನೆಗಳಿಗೆ ಈ ಲೆಕ್ಕದಲ್ಲಿ ಒಂದು ಸಾಲು ಹೆಚ್ಚು. ಪೌರರು, ಗ್ರೀನ್ ಕಾರ್ಡ್ ಇದ್ದವರಿಗೆ ಮುಖ್ಯವಾಗಿ ಮೇಲೆ ಹೇಳಿದ ಪೆಲ್ ಗ್ರಾಂಟ್, ಸರ್ಕಾರಿ ಸಾಲ. ಎಚ್-4ನಲ್ಲಿರುವ, ಅಂದರೆ ಎಚ್-1ಬಿ ಕೆಲಸದ ವೀಸಾದವರ ಅವಲಂಬಿತರಾಗಿ ಬಂದ ಮಕ್ಕಳಿಗಾಗಲಿ ಎಫ್-1 ವಿದ್ಯಾರ್ಥಿ ವೀಸಾದವರಿಗಾಗಲಿ ಇಲ್ಲ. ಎಚ್-4ನವರು ಕ್ಯಾಲಿಫೋರ್ನಿಯಾದಂಥ ರಾಜ್ಯಗಳಲ್ಲಿ ಒಂದು ವರ್ಷ ವಾಸದ ದಾಖಲೆ ಕೊಟ್ಟು ನಿವಾಸಿ ಶುಲ್ಕಕ್ಕೆ ಅರ್ಹರಾಗಬಹುದು. ಎಫ್-1ನವರಿಗೆ ಹೊರಗಿನವರ ಶುಲ್ಕ. ಮಗ ಎಚ್-4ನಲ್ಲಿದ್ದು 21 ತುಂಬಿದರೆ ಎಫ್-1ಗೋ ಬೇರೊಂದಕ್ಕೋ ಬದಲಾಗಲೇಬೇಕು, ಶುಲ್ಕವೂ ಅದರ ಜೊತೆ ಜಿಗಿಯಬಹುದು. ಇಪ್ಪತ್ತರ ಹುಡುಗನನ್ನು ಎರಡು ವರ್ಷದ ಕೋರ್ಸಿಗೆ ಸೇರಿಸುವಾಗ ಹುಟ್ಟಿದ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಿ.

ದುಡಿಮೆಯ ಕಡೆ ಇನ್ನೂ ಕಠಿಣ. ಎಚ್-4ನ ಮಕ್ಕಳು ಕೆಲಸ ಮಾಡುವಂತಿಲ್ಲ. ಎಫ್-1ನಲ್ಲಿ ಅಸೋಸಿಯೇಟ್ ಮುಗಿಸಿದವರಿಗೆ 12 ತಿಂಗಳ ಒಪಿಟಿ, ಅಂದರೆ ಓದಿನ ನಂತರ ಕೆಲಸ ಮಾಡುವ ಅನುಮತಿ, ಸಿಗಬಹುದು, ಮುಂದೆ ಎಚ್-1ಬಿಗೆ ಬ್ಯಾಚುಲರ್ ಡಿಗ್ರಿಯ ಮಟ್ಟದ ಅರ್ಹತೆ ಬೇಕು. ಅಂದರೆ ಕರ್ನಾಟಕದಿಂದ ಬಿಸಿನೆಸ್ ಅಸೋಸಿಯೇಟ್ ಒಂದಕ್ಕೇ ಸಾಲ ಮಾಡಿ ಮಗನನ್ನು ಕಳಿಸಿದರೆ, ಆ ಸಾಲ ತೀರಿಸುವ ಡಾಲರ್ ದುಡಿಮೆಗೆ ಒಂದು ವರ್ಷದ ಕಿಟಕಿ ಮಾತ್ರ. ಮೆಟ್ಟಿಲಾಗಿ ಸರಿ; ತುದಿಯಾಗಿ ಬೇಡ. ಖಾಸಗಿ ಸಾಲಕ್ಕೆ ಸಾಮಾನ್ಯವಾಗಿ ಪೌರರೋ ಗ್ರೀನ್ ಕಾರ್ಡಿನವರೋ ಜಾಮೀನು ನಿಲ್ಲಬೇಕು. "ಸುಮ್ನೆ ಒಂದು ಸೈನ್ ಹಾಕಿ ಮಾವ" ಎಂದು ಕೇಳುವವರಿಗೂ ಹಾಕುವವರಿಗೂ ಗೊತ್ತಿರಲಿ: ಹುಡುಗ ಕಟ್ಟದಿದ್ದರೆ ಪೂರ್ತಿ ಸಾಲ ಮಾವನದು.

ಇನ್ನೊಂದು ಗುಂಪು, ಧಾರವಾಡದಲ್ಲೋ ಮೈಸೂರಿನಲ್ಲೋ ಬಿ.ಕಾಂ. ಮಾಡಿ ಮದುವೆಯಾಗಿ ಬಂದ ಹೆಣ್ಣುಮಕ್ಕಳು. ಗ್ರೀನ್ ಕಾರ್ಡ್ ಬಂದ ಮೇಲೋ, ಎಚ್-1ಬಿ ಗಂಡನ ಗ್ರೀನ್ ಕಾರ್ಡಿನ ಐ-140 ಅರ್ಜಿ ಮಂಜೂರಾಗಿ ಎಚ್-4 ಕೆಲಸದ ಪರವಾನಗಿ ಸಿಕ್ಕ ಮೇಲೋ, "ಇಲ್ಲಿನ ಒಂದು ಡಿಗ್ರಿ ಇರಲಿ" ಎಂದು ಕಮ್ಯುನಿಟಿ ಕಾಲೇಜಿನ ಬಿಸಿನೆಸ್ ಡಿಗ್ರಿಗೆ ಸೇರುತ್ತಾರೆ. ಬ್ಯಾಚುಲರ್ ಆಗಲೇ ಇರುವುದರಿಂದ, ಅದು ಭಾರತದ್ದಾದರೂ, ಪೆಲ್ ಗ್ರಾಂಟ್ ಸಿಗದು. ಬಿ.ಕಾಂ. ಮಾಡಿದವರು ಮತ್ತೆ 60 ಕ್ರೆಡಿಟ್ ಹೊರುವ ಅಗತ್ಯ ಬಹಳ ಸಲ ಇರುವುದಿಲ್ಲ. ಮೊದಲು ಅಂಕಪಟ್ಟಿಗಳ ಮೌಲ್ಯಮಾಪನ ಮಾಡಿಸಿ. ಆಮೇಲೆ ಇಲ್ಲಿನ ತೆರಿಗೆ, ಇಲ್ಲಿನ ಪೇರೋಲ್, ಇಲ್ಲಿನ ಅಕೌಂಟಿಂಗ್ ಸಾಫ್ಟ್‌ವೇರ್ ಕಲಿಸುವ ನಾಲ್ಕೈದು ಕೋರ್ಸುಗಳನ್ನೋ ಚಿಕ್ಕ ಸರ್ಟಿಫಿಕೇಟನ್ನೋ ತೆಗೆದುಕೊಂಡರೆ ಕ್ಯಾಲಿಫೋರ್ನಿಯಾದಂಥ ಕಡೆ ಕೆಲವು ನೂರು ಡಾಲರಿನಲ್ಲಿ ಮುಗಿದೀತು. ತೆರಿಗೆ ಇಲಾಖೆಯ ಎನ್ರೋಲ್ಡ್ ಏಜೆಂಟ್ ಪರೀಕ್ಷೆ ಮೂರು ಭಾಗದ್ದು. ಅದಕ್ಕೆ ಯಾವ ಡಿಗ್ರಿಯೂ ಬೇಡ. ಲೆಕ್ಕದಲ್ಲಿ ಕೈ ಪಳಗಿದವರಿಗೆ ಅಸೋಸಿಯೇಟ್‌ಗಿಂತ ಅದು ಹತ್ತಿರದ ದಾರಿ.

ಸಹಿ ಹಾಕುವ ಮುನ್ನ

ಏಪ್ರಿಲ್ ಹೊತ್ತಿಗೆ ಕಾಲೇಜಿನಿಂದ ಬರುವ ನೆರವಿನ ಪತ್ರವನ್ನು ನಿಧಾನವಾಗಿ ಓದಿ. ಗ್ರಾಂಟು, ವಿದ್ಯಾರ್ಥಿವೇತನ, ಸಾಲ ಎಲ್ಲವನ್ನೂ ಒಂದೇ ಪಟ್ಟಿಯಲ್ಲಿ "ಅವಾರ್ಡ್" ಎಂದು ಹಾಕಿ ಕೆಳಗೆ ದೊಡ್ಡದೊಂದು ಮೊತ್ತ ಬರೆದಿರುವುದುಂಟು. ಸಾಲವನ್ನು ಬಹುಮಾನ ಎಂದು ಕರೆಯುವ ಇಂಥ ಧೈರ್ಯ ನಮ್ಮೂರ ಲೇವಾದೇವಿಯವರಿಗೂ ಇರಲಿಲ್ಲ. ಪೆನ್ಸಿಲ್ ಹಿಡಿದು ಸಾಲದ ಸಾಲುಗಳನ್ನೆಲ್ಲ ಹೊಡೆದುಹಾಕಿ, ಉಳಿದದ್ದನ್ನು ಖರ್ಚಿನಿಂದ ಕಳೆಯಿರಿ. ಆಗ ಕಾಣುವುದು ನಿಜವಾದ ಬೆಲೆ. ಪತ್ರ ಬರುವುದಕ್ಕೆ ಮುಂಚೆಯೇ ಅಂದಾಜು ಬೇಕಿದ್ದರೆ ಪ್ರತಿ ಕಾಲೇಜಿನ ತಾಣದಲ್ಲೂ ನಿವ್ವಳ ಬೆಲೆಯ ಕ್ಯಾಲ್ಕುಲೇಟರ್ ಇರಲೇಬೇಕೆಂದು 2011ರಿಂದ ನಿಯಮವಿದೆ.

5,500 ತೋರಿಸಿದ್ದಾರೆಂದು 5,500ನ್ನೂ ತೆಗೆದುಕೊಳ್ಳಬೇಕಿಲ್ಲ. ಕಾಲೇಜಿನ ಪೋರ್ಟಲಿನಲ್ಲಿ ಮೊತ್ತವನ್ನು ಇಳಿಸಬಹುದು. ಮೊದಲು ಸಬ್ಸಿಡಿ ಸಾಲ ತೆಗೆದುಕೊಂಡು, ಬೇಕಾದರೆ ಮಾತ್ರ ಇನ್ನೊಂದಕ್ಕೆ ಕೈ ಹಾಕಬಹುದು. ಹಣ ಬಂದ ಮೇಲೆ ಹೆಚ್ಚಾಯಿತು ಅನಿಸಿದರೂ ಹೊತ್ತು ಮೀರಿರುವುದಿಲ್ಲ: 120 ದಿನದೊಳಗೆ ಹಿಂತಿರುಗಿಸಿದ ಮೊತ್ತಕ್ಕೆ ಬಡ್ಡಿಯೂ ಇಲ್ಲ, ಶುಲ್ಕವೂ ಇಲ್ಲ. ಆಗಸ್ಟ್ ಕೊನೆಗೆ ಬಂದ ಹಣಕ್ಕೆ ಆ ಗಡುವು ಮುಗಿಯುವುದು ಕ್ರಿಸ್‌ಮಸ್ ಆಸುಪಾಸಿನಲ್ಲಿ. ಮೊದಲ ಸೆಮಿಸ್ಟರಿನ ಅಂಕಗಳು ಬಂದಿರುತ್ತವೆ, ಖರ್ಚು ಎಷ್ಟಾಯಿತೆಂಬುದೂ ಗೊತ್ತಾಗಿರುತ್ತದೆ. ಬ್ಯಾಂಕಿನಲ್ಲಿ ಉಳಿದದ್ದನ್ನು ಹೊಸ ಫೋನಿಗೆ ಹಾಕುವ ಮುನ್ನ ಒಮ್ಮೆ ದಿನ ಎಣಿಸಿ ನೋಡಿ.